ವಂಚಕ ಎಂಬ ಹೆಸರಿನ ಕಲ್ಲು

ಮೈಸೂರಿನಿಂದ ಬಂದಿದ್ದ ಭೂವಿಜ್ಞಾನಿ ಕಲ್ಲಿಗೆ ದಾರ ಕಟ್ಟಿ, ನೀರಿನಲ್ಲಿ ಇಳಿಬಿಟ್ಟು ತೂಗಿದರು. ಇನ್ನೊಮ್ಮೆ ತೂಗಿದರು. ಆಮೇಲೆ ಕನ್ನಡಕ ತೆಗೆದರು.

"ಇದು ಫೆನಕೈಟ್ ಅಲ್ಲ. ಬರೀ ಸ್ಫಟಿಕ."

ಮದ್ದೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಸೇರಿದ್ದವರು ಮೇಜಿನತ್ತ ಬಗ್ಗಿದರು. ಅತಿಥಿ ಉಪನ್ಯಾಸಕಿ ದೀಪಶ್ರೀಯ ಮುಖ ಬಿಳಿಚಿಕೊಂಡಿತು. ಜನವರಿಯಲ್ಲಿ ಬ್ಲಫ್ ಎಂಬ ಊರಿನ ಬಳಿಯ ಹೊಲದ ಬದುವಿನಲ್ಲಿ ಆ ಅಪರೂಪದ ಖನಿಜವನ್ನು ಹೆಕ್ಕಿದವಳು ಅವಳು. ಪತ್ರಿಕೆಯಲ್ಲಿ ಫೋಟೊ ಬಂದಿತ್ತು. ಮುಂದಿನ ವರ್ಷ ಅವಳ ಕೆಲಸ ಉಳಿಯುವುದೂ ಹೋಗುವುದೂ ಈ ಪರೀಕ್ಷೆಯ ಮೇಲೆ ನಿಂತಿತ್ತು.

ವಿಭಾಗದ ಮುಖ್ಯಸ್ಥ ಶ್ರೀಕಾಂತ್ ಮೆಲ್ಲಗೆ ಬಾಯಿಬಿಟ್ಟ. "ಫೆನಕೈಟ್ ಅಂದ್ರೆ ಗ್ರೀಕ್ ಭಾಷೇಲಿ ವಂಚಕ. ಸ್ಫಟಿಕದ ಹಾಗೇ ಕಂಡು ಹಳಬರನ್ನ ಏಮಾರಿಸ್ತು ಅಂತ ಆ ಹೆಸರು. ಈಗ ಆ ಹೆಸರು ಕಲ್ಲಿಗಿಡೋದೋ, ತಂದವರಿಗೋ?"

ಒಂದಿಬ್ಬರು ನಕ್ಕರು. ತಿರುಮಲಮ್ಮ ನಗಲಿಲ್ಲ. ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ ಅವರು. ಶ್ರೀಕಾಂತ್ ಅವರ ಹಳೆಯ ಶಿಷ್ಯ. ಸ್ವಲ್ಪ ಮುಂಚೆ ಅವನೇ ಫ್ಯಾನಿನ ಕೆಳಗೆ ಕುರ್ಚಿ ಎಳೆದು, ಅವರನ್ನು ಕೂರಿಸಿದ್ದ.

* * *

ಇದು ತಾನು ತೂಗಿ ನೋಡಿದ್ದ ಕಲ್ಲೇ ಅಲ್ಲ ಎಂದಳು ದೀಪಶ್ರೀ. ಕಲ್ಲನ್ನು ಇಟ್ಟಿದ್ದ ಗಾಜಿನ ಪೆಟ್ಟಿಗೆಗೆ ಬೀಗವಿರಲಿಲ್ಲ. ಯಾರು ಬೇಕಾದರೂ ಬದಲಿಸಬಹುದಿತ್ತು. ಹಿಂದಿನ ದಿನ ಹೊಲದ ಒಡೆಯ ಪುಟ್ಟರಾಜು ಬಂದು ಕಲ್ಲು ವಾಪಸ್ ಕೊಡಿ ಅಂದಿದ್ದನಂತೆ. ಎಲ್ಲರೂ ಅವನತ್ತ ತಿರುಗಿದರು. ಅವನು ಬಾಗಿಲಲ್ಲೇ ನಿಂತಿದ್ದ.

"ಕೇಳಕ್ ಬಂದಿದ್ದು ದಿಟ ಕಣವ್ವ," ಎಂದ ತಿರುಮಲಮ್ಮನಿಗೆ. "ಯಾರೋ ಕೋಟಿ ಬೆಲೆ ಅಂದ್ರು. ಕಲ್ ಹೆಕ್ಕಿದ ಈ ಅಮ್ಮಣ್ಣಿ ಕಾಫಿ ಕುಡ್ಸಿ, ಕಲ್ಲಿನ ಜೊತೆ ನಿನ್ ಹೆಸ್ರೂ ಬರಸ್ತೀನಿ ಅಂದ್ರು. ಸುಮ್ಕೆ ಊರಿಗೋಗ್ಬುಟ್ಟೆ."

ತಿರುಮಲಮ್ಮ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೀಳಿನೊಳಗೆ ಕೂದಲೆಳೆಯಷ್ಟು ಕೆಂಪು.

"ಕಬ್ಬಿಣದ ಕಲೆ ಮೇಡಂ," ಎಂದ ಶ್ರೀಕಾಂತ್.

ಅವರು ದುರ್ಬಲ ಆಮ್ಲದ ಒಂದು ಹನಿಯನ್ನು ಸೀಳಿಗೆ ಬಿಟ್ಟರು. ಕೆಂಪು ಹಳದಿಗೆ ತಿರುಗಿತು.

"ಕಬ್ಬಿಣ ಹೀಗೆ ಮಾಡಲ್ಲಪ್ಪ. ಇದು ಅರಿಶಿನದಿಂದ ಮಾಡಿದ ಕುಂಕುಮ."

* * *

ಮಾದರಿ ಕಲ್ಲುಗಳಿದ್ದ ಬೀರು ತೆಗೆಯಲು ತಿರುಮಲಮ್ಮ ಹೇಳಿದರು. ಅಟೆಂಡರ್ ದೇವಿರಮ್ಮ ಪ್ರತಿ ಆಯುಧಪೂಜೆಗೂ ಅಲ್ಲಿನ ತಕ್ಕಡಿ, ಸುತ್ತಿಗೆ, ಕಲ್ಲು ಒಂದನ್ನೂ ಬಿಡದೆ ಮನೆಯಲ್ಲಿ ಮಾಡಿದ ಕುಂಕುಮ ಇಡುತ್ತಾಳೆ. ಕಳೆದ ಪೂಜೆ ಅಕ್ಟೋಬರಿನಲ್ಲೇ ಮುಗಿದಿತ್ತು. ದೀಪಶ್ರೀಯ ಕಲ್ಲು ಸಿಕ್ಕಿದ್ದು ಜನವರಿಯಲ್ಲಿ. ಅದಕ್ಕೆ ಕುಂಕುಮ ಬರುವ ಮಾತೇ ಇಲ್ಲ.

"ಅಂದ್ರೆ ಪೆಟ್ಟಿಗೆಗೆ ಬಂದಿದ್ದು ಈ ಬೀರುವಿನ ಕಲ್ಲು," ಎಂದರು ತಿರುಮಲಮ್ಮ. "ಪುಟ್ಟರಾಜು ಕೈಯಲ್ಲಿ ಬೀರು ತೆಗೆಯಕ್ಕಾಗಲ್ಲ. ಅತಿಥಿ ಉಪನ್ಯಾಸಕರಿಗೆ ನೀವು ಬೀಗದ ಕೈ ಕೊಡಲ್ಲ. ದೇವಿರಮ್ಮನ ಹತ್ರ ಇರೋದು ಕೋಣೆದು ಮಾತ್ರ. ಬೀರುವಿಂದು ಯಾರ ಹತ್ರ ಇದೆ ಶ್ರೀಕಾಂತ?"

ಅವನು ಜೇಬಿಗೆ ಕೈ ಹಾಕಿ ಬೀಗದ ಕೈ ಹೊರತೆಗೆದ. ಬೀಗ ತೆಗೆದ. ಸ್ಫಟಿಕಗಳನ್ನು ಇಟ್ಟಿದ್ದ ತಟ್ಟೆಯ ಹತ್ತಿಯಲ್ಲಿ ಒಂದು ಗುಳಿ ಖಾಲಿಯಿತ್ತು. ತಿರುಮಲಮ್ಮನ ಕೈಯಲ್ಲಿದ್ದ ಕಲ್ಲು ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಶ್ರೀಕಾಂತ್ ತನ್ನ ಚೀಲದಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟ. ಎಸೆಯಲು ಅವನಿಗೂ ಮನಸ್ಸು ಬಂದಿರಲಿಲ್ಲ. ಭೂವಿಜ್ಞಾನಿ ಅದನ್ನು ತೂಗಿ, ಫೆನಕೈಟ್ ಎಂದು ತಲೆಯಾಡಿಸಿದರು. ದೇವಿರಮ್ಮ ದೀಪಶ್ರೀಯ ಹಿಂದೆ ಒಂದು ಸ್ಟೂಲು ಸರಿಸಿದಳು.

"ವರ್ಷಾ ವರ್ಷಾ ಹುಡುಗರನ್ನ ಅದೇ ಬದುವಿಗೆ ಕರಕೊಂಡು ಹೋಗಿದೀನಿ ಮೇಡಂ," ಎಂದ ಶ್ರೀಕಾಂತ್. "ಅದರ ಮೇಲೇ ಕೂತು ಬುತ್ತಿ ತಿಂದಿದೀನಿ. ಇವಳು ಬಂದ ವರ್ಷವೇ ಬಗ್ಗಿ ಎತ್ಕೊಂಡ್ಳು. ಎಲ್ಲರ ಬಾಯಲ್ಲೂ ಇವಳ ಹೆಸರೇ."

"ನಿಮಗೂ ಸಿಕ್ಕಿರುತ್ತೆ ಸರ್," ಎಂದಳು ದೀಪಶ್ರೀ. "ಸ್ಫಟಿಕ ಅಂತ ಬಿಸಾಕಿರ್ತೀರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಶ್ರೀಕಾಂತ್ ತಲೆ ತಗ್ಗಿಸಿದ್ದು ಆಗಲೇ.