ಸುಮ್ಮನೆ ಕೂತಿದ್ದ ಸಂಪರ್ಕ

ಇದು ನಡೆದದ್ದು ಹಾಡಹಗಲಲ್ಲಿ, ನಮ್ಮ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ. ಹೊರಗಿನಿಂದ ಯಾರೋ ಸಾಲುಸಾಲಾಗಿ ಸಂಪರ್ಕ ಕೇಳಿ, ಒಳಬರಲು ಗುರುತಿನ ಗುಪ್ತ ಕೀಲಿ ಕೊಡಬೇಕಾದಾಗ ಸುಮ್ಮನಾಗುತ್ತಿದ್ದರು. ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುವುದೇ ನಮ್ಮ ಸಾಫ್ಟ್‌ವೇರಿನ ದೋಷ. ಹೀಗೆ ಸರ್ವರಿನಲ್ಲಿ ಸಂಪರ್ಕಗಳಿಗಿದ್ದ ಜಾಗವೆಲ್ಲ ತುಂಬಿ, ಶಸ್ತ್ರಚಿಕಿತ್ಸೆಯಲ್ಲಿದ್ದ ರೋಗಿಯ ಸ್ಕ್ಯಾನ್ ವೈದ್ಯರ ಪರದೆಯಲ್ಲಿ ತೆರೆಯಲಿಲ್ಲ.

"ಮೇಲಿನವರನ್ನ ಕೇಳದೆ ಹೊರಗಿನ ಕೇಬಲ್ ಮುಟ್ಟಬೇಡಮ್ಮ," ಎಂದರು ಹಿರಿಯ ಇಂಜಿನಿಯರ್.

"ಅವರು ಬಾಯಿ ಬಿಡೋದ್ರೊಳಗೆ ರೋಗಿ ಕಣ್ಣು ಮುಚ್ತಾರೆ ಸಾರ್," ಎಂದು ಕಿತ್ತೇಬಿಟ್ಟೆ.

ಕೇಬಲಿನ ತುದಿ ಮಂಜುಗಡ್ಡೆಯಂತೆ ತಣ್ಣಗಿತ್ತು. ಜಾಗಗಳು ಖಾಲಿಯಾದವು, ಸ್ಕ್ಯಾನ್ ತೆರೆಯಿತು. ಕೇಬಲ್ ಕಿತ್ತಿದ್ದರೂ ಹೊರಗಿನ ಒಂದು ಸಂಪರ್ಕ ಮಾತ್ರ ಪರದೆಯಿಂದ ಹೋಗಲಿಲ್ಲ. ಕಡಿದರೂ ಮತ್ತೆ ಬಂದು ಕೂತಿತು. ಸಾರ್ ಎದ್ದು ಬಾಗಿಲ ಬಳಿ ನಿಂತರು.

"ಕೂತಿರು. ನಾನೂ ಏಳಲ್ಲ," ಎಂದೆ, ಪರದೆಯ ಮೇಲಿನ ಆ ಸಂಪರ್ಕಕ್ಕೆ.

ಕೇಬಲ್ ಇನ್ನೂ ನನ್ನ ಕೈಯಲ್ಲೇ ಇತ್ತು. ಆ ಸಂಪರ್ಕದ ಅತ್ತಲಿಂದ ಗುಪ್ತ ಕೀಲಿ ಬಂತು.