ಉಂಗುರ ಬೆರಳಿನ ಅಳತೆ

ಎರ್ಸಿಲಿಯಾಳ ಕೈಯನ್ನು ಒಟ್ಟಾವಿಯೊ ಮೊದಲ ಸಲ ಹಿಡಿದದ್ದು ಅಳತೆ ತೆಗೆಯಲು, ಅದೂ ಹತ್ತು ಜನರ ಎದುರಿಗೆ.

ಮಿಲಾನಿನ ವಿದ್ಯುತ್ ಸಲಕರಣೆ ತಯಾರಕರ ಸಂಘದಲ್ಲಿ ಆಗ ಅವಳು ಟೈಪಿಸ್ಟ್, ಅವನು ಹೊಸ ಎಂಜಿನಿಯರ್. ಸಾಕೆಟ್ಟಿನ ಸಂದಿಯೊಳಗೆ ಯಾರ ಬೆರಳೂ ಹೋಗಿ ಕರೆಂಟು ಮುಟ್ಟಬಾರದು. ಅದನ್ನು ಪರೀಕ್ಷಿಸಲು ಸಂಘ ಒಂದು ಉಕ್ಕಿನ ಬೆರಳು ಮಾಡಿಸುತ್ತಿತ್ತು. ಆಫೀಸಿನವರೆಲ್ಲ ಸಾಲಾಗಿ ನಿಂತು ತೋರುಬೆರಳು ಕೊಟ್ಟರು. ಅವಳದ್ದನ್ನು ಅಳೆದ ಮೇಲೂ ಅವನು ಕೈ ಬಿಡಲಿಲ್ಲ. ಉಂಗುರ ಬೆರಳನ್ನೂ ಅಳೆದ. ಯಾಕೆಂದು ಕೇಳಿದ್ದಕ್ಕೆ ಕಿವಿ ಕೆಂಪಗೆ ಮಾಡಿಕೊಂಡು, ಸಂಘದ ನಿಯಮ ಎಂದ.

ನಿಯಮಗಳನ್ನೆಲ್ಲ ಟೈಪ್ ಮಾಡಿದವಳೇ ಅವಳು. ಅಂಥದ್ದೊಂದು ನಿಯಮ ಇರಲಿಲ್ಲ. ಆ ಸಂಜೆ ಟ್ರಾಮಿನಲ್ಲಿ ಒಬ್ಬಳೇ ನಗುತ್ತಾ ಮನೆಗೆ ಹೋದಳು.

ಮರುವಾರವೇ ಅವನ ತಂದೆ ತೀರಿಕೊಂಡರು. ಬೆರ್ಗಾಮೊದಲ್ಲಿ ಸ್ವಿಚ್ಚಿನ ಕಾರ್ಖಾನೆ, ಮದುವೆಯಾಗದ ಮೂವರು ತಂಗಿಯರು. ಅದನ್ನೆಲ್ಲ ನೋಡಿಕೊಳ್ಳಲು ಅವನು ಕೆಲಸ ಬಿಟ್ಟು ಊರಿಗೆ ಹೋದ. ಆಮೇಲೆ ವರ್ಷಕ್ಕೊಮ್ಮೆ ಸಂಘದ ಸಭೆಗೆ ಬರುತ್ತಿದ್ದ. ಅವಳು ಕೊಟ್ಟ ಕಾಫಿಯಲ್ಲಿ ಸಕ್ಕರೆಯನ್ನೇ ಹಾಕದೆ ಚಮಚ ತಿರುಗಿಸುತ್ತಾ ಕೂತಿರುತ್ತಿದ್ದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ ಪುಣ್ಯಾತ್ಮ. ಬಂದ ಎರಡು ಸಂಬಂಧಗಳನ್ನು ಅವಳು ಬೇಡವೆಂದಳು. ಕಾಯುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ, ಆದರೆ ಕಾದಳು.

ಹೀಗೇ ಮೂವತ್ತೊಂದು ವರ್ಷ. ಇವತ್ತು ಅವಳ ನಿವೃತ್ತಿ. ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಅವನು ಬಂದ, ತಲೆ ಪೂರ್ತಿ ಬೆಳ್ಳಗೆ. ತಂಗಿಯರ ಮದುವೆ ಮುಗಿಯುವಷ್ಟರಲ್ಲಿ ಅವನಿಗೆ ನಲವತ್ತಾಗಿತ್ತಂತೆ, ಆಮೇಲೆ ಯಾವ ಮುಖ ಹೊತ್ತು ಕೇಳುವುದೆಂದು ಸುಮ್ಮನಿದ್ದನಂತೆ.

"ನಾಳೆಯಿಂದ ಸಭೆಗೆ ಬಂದ್ರೂ ನೀವಿರಲ್ಲ," ಎಂದು ಸಣ್ಣ ಡಬ್ಬಿ ತೆರೆದ. "ಅಳತೆ ತಗೊಂಡ ವಾರವೇ ಮಾಡಿಸಿದ್ದು."

ಅವಳ ಕಣ್ಣು ತುಂಬಿತು. ಕೈ ಚಾಚಿದಳು. ಉಂಗುರ ಗೆಣ್ಣಿನ ತನಕ ಬಂದು ನಿಂತುಬಿಟ್ಟಿತು. ಮೂವತ್ತೊಂದು ವರ್ಷ ಟೈಪ್ ಮಾಡಿದ ಬೆರಳು, ದಪ್ಪಗಾಗಿತ್ತು. ಅವನ ಮುಖ ಬಾಡಿತು.

"ತಡವಾಯ್ತು, ಅಲ್ವಾ?"

"ಹಳೇ ಸ್ಟ್ಯಾಂಡರ್ಡ್ ಇಟ್ಕೊಂಡು ಮಾಲು ತಂದಿದ್ದೀರಿ, ಎಂಜಿನಿಯರ್ ಸಾಹೇಬ್ರೇ. ನಮ್ಮ ಸಂಘದಲ್ಲಿ ಐದು ವರ್ಷಕ್ಕೊಮ್ಮೆ ಅಳತೆ ತಿದ್ತೀವಿ."

ಡ್ರಾಯರಿನಿಂದ ದಪ್ಪ ಅಳೆಯುವ ಹಳೆಯ ಕ್ಯಾಲಿಪರ್ ತೆಗೆದು ಅವನ ಕೈಗಿಟ್ಟಳು, ಮತ್ತೆ ಬೆರಳು ಚಾಚಿದಳು. ಅವನ ಕಿವಿಗಳು ಮತ್ತೆ ಕೆಂಪಗಾದವು.

"ಈ ಸಲ ಯಾವ ನಿಯಮ?"

"ನಿಯಮ ಅವತ್ತೂ ಇರ್ಲಿಲ್ಲ," ಎಂದ ಒಟ್ಟಾವಿಯೊ. "ಪ್ರೀತಿ ಇತ್ತು."

"ಗೊತ್ತು. ನಿಯಮಗಳನ್ನ ಟೈಪ್ ಮಾಡಿದವಳು ನಾನೇ," ಎಂದಳು ಅವಳು. "ಅಳೀರಿ."