ಎಮ್ಮೆ ಓವರ್‌ಟೇಕ್ ಮಾಡಿದ ಕಥೆ

ಪುಸ್ತಕ ಬರೆಸು ಎಂದು ಹಟ ಹಿಡಿದವಳು ಅಮ್ಮ.

"ಬೇಕರಿಯವಳು ಬರೆಸಿದಳು. ಜಿಮ್ಮಿನವನು ಬರೆಸಿದ. ಪುಸ್ತಕ ಬಂದ ಮೇಲೆ ಅವನ ಜಿಮ್ಮಲ್ಲಿ ನಿಲ್ಲೋಕೂ ಜಾಗ ಇಲ್ವಂತೆ. ನಿನಗೇನು ಬಾಯಿಲ್ವಾ, ಕಥೆ ಇಲ್ವಾ?"

ಡ್ರೈವಿಂಗ್ ಸ್ಕೂಲಿನ ಒಡತಿಗೆ ಬಾಯಿ ಧಾರಾಳವಾಗಿಯೇ ಇತ್ತು. ಕಲಿಯಲು ಬಂದವರು ಎದುರಿಗೆ 'ಟೀಚರ್' ಎನ್ನುತ್ತಿದ್ದರು, ಬೆನ್ನ ಹಿಂದೆ 'ಸೈರನ್' ಎನ್ನುತ್ತಿದ್ದರು. ಕಥೆಯೂ ಇತ್ತು, ಆದರೆ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಹಾಗಾಗಿ ಬೇರೆಯವರ ಪುಸ್ತಕ ಬರೆದುಕೊಡುವ ಬರಹಗಾರನನ್ನು ಕರೆಸಿ, ತಾನೇ ಹೆಣೆದ ಇನ್ನೊಂದು ಕಥೆಯನ್ನು ಶುರು ಮಾಡಿದಳು.

"ಚಿಕ್ಕಂದಿನಿಂದ್ಲೂ ನನಗೆ ಕಾರು ಅಂದ್ರೆ ಪ್ರಾಣ..."

ಬರಹಗಾರ ಪೆನ್ನು ಕೆಳಗಿಟ್ಟ. "ಟೀಚರ್, ಬೇಕರಿಯವರಿಗೆ ಹಿಟ್ಟು ಅಂದ್ರೆ ಪ್ರಾಣ. ಜಿಮ್ಮಿನವರಿಗೆ ಕಬ್ಬಿಣ ಅಂದ್ರೆ ಪ್ರಾಣ. ಬರೆದು ಬರೆದು ನನ್ನ ಕೈ ಸೋತಿದೆ."

"ಹಾಗಾದ್ರೆ ನಾನೇನು ಪ್ರಾಣ ಬಿಡಲಾ?"

ಅವನು ನಕ್ಕುಬಿಟ್ಟ. ನಗುವಾಗ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಮೆಲ್ಲಗೆ ಮೇಲಕ್ಕೆ ತಳ್ಳಬೇಕು ಎಂದು ಅವಳ ಬೆರಳಿಗೆ ಆಸೆಯಾಯಿತು. ಬೆರಳನ್ನು ಮಡಚಿಕೊಂಡು ಕೇಳಿದಳು. "ನಿಮಗೆ ಡ್ರೈವಿಂಗ್ ಬರುತ್ತಾ?"

"ಇಲ್ಲ."

"ಗೇರು ಗೊತ್ತಿಲ್ದೆ ನನ್ನ ಪುಸ್ತಕ ಬರೀತೀರಾ? ನಾಳೆ ಬೆಳಿಗ್ಗೆಯಿಂದ ನೀವು ಓಡಿಸಿ, ನಾನು ಹೇಳ್ತೀನಿ."

ವೈಪರ್ ಹಾಕಿ ಎಂದರೆ ಅವನು ಇಂಡಿಕೇಟರ್ ಹಾಕುತ್ತಿದ್ದ. ಎಡಕ್ಕೆ ಎಂದರೆ ಎಡಗಡೆ ಕುಳಿತ ಅವಳನ್ನು ನೋಡುತ್ತಿದ್ದ.

"ರಸ್ತೆ ಮುಂದಿದೆ."

"ಗೊತ್ತು. ಕನ್ನಡಿ ನೋಡ್ತಿದ್ದೆ."

"ಕನ್ನಡಿ ನನ್ನ ಮುಖದ ಮೇಲಿಲ್ಲ," ಎಂದು ಗದರಿ, ಅವಳು ಕಿಟಕಿಯ ಕಡೆ ತಿರುಗಿಕೊಂಡು ನಗುತ್ತಿದ್ದಳು.

ಅವನಿಗೆ ಕ್ಲಚ್ ಒಲಿಯಲಿಲ್ಲ, ಅವಳ ಬಾಯಿಂದ ನಿಜ ಹೊರಡಲಿಲ್ಲ. ಇಬ್ಬರಿಗೂ ಅದರಿಂದ ಬೇಜಾರೇನೂ ಇದ್ದಂತಿರಲಿಲ್ಲ.

ಒಂದು ದಿನ ಆಸ್ಪತ್ರೆಯ ಪಕ್ಕದ ಏರಿನಲ್ಲಿ ಇಂಜಿನ್ ಆಫ್ ಆಯಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಊರಿಗೆ ಊರೇ. ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆದರು. ಬೆವತುಹೋದ ಬರಹಗಾರ ಹ್ಯಾಂಡ್‌ಬ್ರೇಕ್ ಎಳೆದು, "ನನ್ನ ಕೈಲಾಗಲ್ಲ ಟೀಚರ್, ನೀವೇ ಓಡಿಸಿ," ಎಂದು ಇಳಿದು ಫುಟ್‌ಪಾತಿನತ್ತ ನಡೆದ.

ಖಾಲಿ ಸೀಟು. ಅಲುಗಾಡುವ ಕೀ. ಅವಳು ಕೂತಲ್ಲಿಂದ ಕದಲಲಿಲ್ಲ. ಹಾರ್ನುಗಳೂ ಕೇಳಿಸಲಿಲ್ಲ.

ಅವನು ತಿರುಗಿ ನೋಡಿದ. ಅವಳ ಮುಖದಲ್ಲಿ ಏನು ಕಂಡನೋ, ಓಡಿಬಂದು ಮತ್ತೆ ಸೀಟಿನಲ್ಲಿ ಕುಳಿತ.

"ಹೇಳಿ, ಏನು ಮಾಡ್ಲಿ?"

"ಕ್ಲಚ್ ಒತ್ತಿ, ಕೀ ತಿರುಗಿಸಿ... ಆಕ್ಸಿಲರೇಟರ್ ಕೊಡಿ... ಈಗ ಹ್ಯಾಂಡ್‌ಬ್ರೇಕ್ ಇಳಿಸ್ತಾ ಕ್ಲಚ್ ನಿಧಾನಕ್ಕೆ ಬಿಡಿ." ಕಾರು ಕೆಮ್ಮುತ್ತ ಏರು ಹತ್ತಿತು.

ಮೇಲೆ ಮರದ ನೆರಳಲ್ಲಿ ನಿಲ್ಲಿಸಿದಾಗ ಅವಳೇ ಬಾಯಿಬಿಟ್ಟಳು. "ನನಗೆ ಮದುವೆ ಗೊತ್ತಾಗಿತ್ತು. ಹುಡುಗ ಹೊಸ ಕಾರಲ್ಲಿ ಸುತ್ತಾಡ್ಸೋಕೆ ಕರ್ಕೊಂಡು ಹೋದ. ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀನಿ ಅಂದೆ ಅಷ್ಟೇ. 'ಅಷ್ಟು ಧಿಮಾಕಿದ್ರೆ ನೀನೇ ಓಡಿಸ್ಕೊಂಡು ಹೋಗು' ಅಂತ ನಡುದಾರೀಲಿ ಇಳಿದ. ಬಸ್ ಹತ್ಕೊಂಡು ಹೋಗೇಬಿಟ್ಟ. ನನಗೆ ಸೈಕಲ್ಲೂ ಬರ್ತಿರಲಿಲ್ಲ."

"ಆಮೇಲೆ?"

"ಓಡಿಸಿದೆ. ಅತ್ಕೊಂಡು, ಮನೆ ತನಕ, ಫಸ್ಟ್ ಗೇರಲ್ಲೇ. ಬೇರೆ ಗೇರ್ ಇದೆ ಅಂತ್ಲೇ ಗೊತ್ತಿರಲಿಲ್ಲ. ಒಂದು ಎಮ್ಮೆ ನನ್ನ ಓವರ್‌ಟೇಕ್ ಮಾಡ್ತು."

ಅವನು ತುಟಿ ಕಚ್ಚಿದ. ಪ್ರಯೋಜನವಾಗಲಿಲ್ಲ. ಅವನ ನಗು ನೋಡಿ ಅವಳಿಗೂ ನಗು ಬಂತು, ಹಿಂದೆಯೇ ಕಣ್ಣೀರೂ.

"ಮಾರನೇ ದಿನ ಕಾರು ವಾಪಸ್ ಕೊಟ್ಟೆ, ಬಂಪರ್ ಇಲ್ದೆ. ಸಂಬಂಧಾನೂ ಮುಗೀತು. ಆಮೇಲೆ ಡ್ರೈವಿಂಗ್ ಕಲಿತೆ, ಈ ಸ್ಕೂಲ್ ಶುರು ಮಾಡ್ದೆ. ಅಮ್ಮ ಎಲ್ರಿಗೂ 'ಹುಡುಗನಿಗೆ ದೂರದೂರಲ್ಲಿ ಕೆಲಸ ಸಿಕ್ತು' ಅಂತ ಹೇಳ್ಕೊಂಡು ಬಂದಿದ್ದಾಳೆ. ಇದನ್ನ ಬರೀಬೇಡಿ. ಊರೆಲ್ಲ ಆಡ್ಕೊಳ್ತಾರೆ."

ಅವನು ಅವಳತ್ತ ತಿರುಗಿದ. "ನನ್ನ ಹಾಗೆ ಸ್ಟೇರಿಂಗ್ ಹಿಡಿದು ನಡುಗೋರಿಗೆ ನಿಮ್ಮ ಚಿಕ್ಕಂದಿನ ಕನಸು ಬೇಡ ಟೀಚರ್. ಆ ಎಮ್ಮೆ ಬೇಕು. ಬರೀತೀನಿ. ಬೇಡ ಅಂದ್ರೆ ಹರಿದು ಹಾಕಿ."

ಬರೆದ. ಅವಳು ಹರಿಯಲಿಲ್ಲ, ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಬಹಳ ಹೊತ್ತು ಗೋಡೆ ನೋಡುತ್ತ ಕುಳಿತಿದ್ದಳು.

"ಬಂಪರ್ ವಿಷಯ ನನಗೆ ಹೇಳೇ ಇರಲಿಲ್ವಲ್ಲೇ! ಅಚ್ಚು ಹಾಕ್ಸು. ಆ ಹುಡುಗನಿಗೂ ಒಂದು ಕಳ್ಸು."

ಪುಸ್ತಕ ಬಂದ ವಾರಕ್ಕೇ ಸ್ಕೂಲಿನ ಬಾಗಿಲಲ್ಲಿ ಹೆಂಗಸರು. ಅತ್ತೆ ಸೊಸೆ ಜೊತೆಯಾಗಿ ಬಂದರು, ಮೊಮ್ಮಕ್ಕಳಿದ್ದವರು ಬಂದರು. "ಎಮ್ಮೆ ಪುಸ್ತಕದ ಟೀಚರ್ ನೀವೇನಾ?" ಎಂದು ಕೇಳಿ, ಹೌದೆಂದ ಕೂಡಲೇ ತಮ್ಮ ಕಥೆ ಹೇಳತೊಡಗುತ್ತಿದ್ದರು.

ಪುಸ್ತಕದ ಕೆಲಸ ಮುಗಿದಿತ್ತು. ಉಳಿದಿದ್ದು ಬರಹಗಾರನ ಲೈಸೆನ್ಸ್ ಟೆಸ್ಟ್ ಮಾತ್ರ. ಅದೂ ಮುಗಿದರೆ ಅವನು ಬರಲು ಕಾರಣವೇ ಇಲ್ಲ. ಟೆಸ್ಟಿನ ದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದನ್ನು ನೋಡಿ ಅವಳಿಗೆ ವಿನಾಕಾರಣ ಸಿಟ್ಟು ಬಂತು.

ಟೆಸ್ಟ್ ಮೈದಾನದಲ್ಲಿ ಸಾಲಾಗಿಟ್ಟಿದ್ದ ಕೋನ್‌ಗಳನ್ನೆಲ್ಲ ಅವನು ಬೀಳಿಸಿದ. ಬಿದ್ದ ಒಂದರ ಮೇಲೆ ರಿವರ್ಸಿನಲ್ಲಿ ಮತ್ತೆ ಹತ್ತಿಸಿದ. ಟೆಸ್ಟ್ ಮಾಡುವ ಅಧಿಕಾರಿ ಕೈಮುಗಿದು ಇಳಿಸಿ ಕಳಿಸಿದರು.

"ಸಾರಿ ಟೀಚರ್. ನಿಮ್ಮ ಸ್ಕೂಲಿನ ಮರ್ಯಾದೆ ತೆಗೆದೆ."

"ತೆಗೆದ್ರಿ." ಅವಳು ನೆಲ ನೋಡಿದಳು. ಧಾರಾಳವಾದ ಆ ಬಾಯಿ ಮೊದಲ ಸಲ ತಡವರಿಸಿತು. "ಆದ್ರೆ... ನೀವು ಫೇಲಾದಾಗ ನನಗೆ ಕುಣೀಬೇಕು ಅನ್ನಿಸ್ತು. ಕಲಿಸೋಳು ಆಡೋ ಮಾತಲ್ಲ ಇದು. ಪಾಸಾಗಿದ್ರೆ ನೀವು ನಾಳೆಯಿಂದ ಬರ್ತಿರಲಿಲ್ವಲ್ಲ."

ಅವನ ಕಿವಿ ಕೆಂಪಾಯಿತು. "ನಿಜ ಹೇಳ್ಲಾ? ಬೇಕಂತ್ಲೇ ಫೇಲಾಗೋಣ ಅಂದ್ಕೊಂಡು ಬಂದಿದ್ದೆ. ಅದರ ಅಗತ್ಯಾನೇ ಬೀಳಲಿಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. ಸರದಿಯಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಬರೋಕೆ ಬೇರೆ ಏನಾದ್ರೂ ಕಾರಣ ಹುಡುಕೋಣ್ವಾ?" ಎಂದ ಅವನು.

"ಅಮ್ಮನ್ನ ಕೇಳ್ಬೇಕು."

"ಯಾರ ಅಮ್ಮನ್ನ?"

"ಇಬ್ರ ಅಮ್ಮನ್ನೂ."

ವಾಪಸ್ ಬರುವಾಗ ಅವಳು ಓಡಿಸಿದಳು. ಸಿಗ್ನಲಿನಲ್ಲಿ ನಿಂತಾಗ, ಗೇರಿನ ಮೇಲಿದ್ದ ಅವಳ ಕೈ ಮೇಲೆ ಅವನ ಕೈ ಹೆದರುತ್ತ ಬಂದು ಕೂತಿತು.

"ಕೈ ತೆಗೀರಿ. ಗೇರ್ ಹಾಕ್ಬೇಕು."

"ಹಾಕಿ. ನಾನೂ ಕಲೀತೀನಿ."

ಹಸಿರು ದೀಪ ಬಿತ್ತು. ಅವಳು ಗೇರ್ ಹಾಕಿದಳು, ಅವನ ಕೈಯನ್ನೂ ಜೊತೆಗೆ ಕರೆದುಕೊಂಡು.